ಎರಡು ಸಲ ಹಾಲುಕ್ಕಿಸಿದ ತಪ್ಪಲೆ

ನಾನು ಒಂದು ಹಿತ್ತಾಳೆ ತಪ್ಪಲೆ. ಹುಟ್ಟಿದ್ದು ನಾಗಮಂಗಲದಲ್ಲಿ, ಸಿದ್ದಾಚಾರಿ ಎಂಬ ಮುದುಕನ ಕುಲುಮೆಯ ಮುಂದೆ. ನೀವು ಅಳುತ್ತಾ ಹುಟ್ಟುತ್ತೀರಿ, ನಾನು ಏಟು ತಿನ್ನುತ್ತಾ ಹುಟ್ಟಿದೆ. ಆ ಮುದುಕ ಬೆಳಗಿನಿಂದ ಮಧ್ಯಾಹ್ನದವರೆಗೆ ಬಡಿದು ಬಡಿದು ನನಗೊಂದು ಹೊಟ್ಟೆ ಕೊಟ್ಟ, ಸಂಜೆಯೊಳಗೆ ಕಂಠ ಮಡಿಸಿದ, ಮಾರನೆಯ ದಿನ ಒಳಗೆಲ್ಲ ಕಲಾಯಿ ಹಾಕಿದ. ಅವನ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ. ಹೊಡೆಯುವವನು ಎದುರಿಗೆ ಕೂತು ಹೊಡೆದ, ನಗುನಗುತ್ತಾ ಹೊಡೆಯುವವರನ್ನು ನಾನು ಕಂಡದ್ದು ಆಮೇಲೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಪಾತ್ರೆಗಳು ಪಾಪದವು ಎಂದು ನೀವು ತಿಳಿದಿದ್ದರೆ ಅದು ತಪ್ಪು. ಯಾರು ತುಂಬಿದರೂ ನಾವು ತುಂಬಿಕೊಳ್ಳುತ್ತೇವೆ. ಕೈ ನೋಡಿ ಬೇಡ ಎನ್ನುವ ಬುದ್ಧಿ ನಮಗಿಲ್ಲ. ಆ ಬುದ್ಧಿ ಇಲ್ಲದ ಮನುಷ್ಯರ ಮನೆಗೇ ನಾನು ಹೋಗಿ ಸೇರಿದ್ದು ನನ್ನ ಹಣೆಬರಹ.

ಮೈಸೂರಿನ ಒಂದು ಪಾತ್ರೆ ಅಂಗಡಿಯಲ್ಲಿ ಎಂಟು ತಿಂಗಳು ಧೂಳು ತಿಂದ ಮೇಲೆ ದಾಕ್ಷಾಯಣಮ್ಮ ನನ್ನನ್ನು ಎತ್ತಿಕೊಂಡರು. ಎತ್ತಿ, ತಿರುಗಿಸಿ, ಬೆರಳಿನ ಗೆಣ್ಣಿನಿಂದ ಎರಡು ಸಲ ಹೊಟ್ಟೆಗೆ ಕುಟ್ಟಿ ಸದ್ದು ಕೇಳಿದರು. ಪಕ್ಕದಲ್ಲಿ ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದು ನಿಂತಿದ್ದವರು ಅವರ ಗಂಡ ನಾಗಮಲ್ಲಪ್ಪ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್.

"ಸ್ಟೀಲಿಂದು ತಗೊಳೇ, ತಿಕ್ಕೋ ಕೆಲ್ಸ ಇರಲ್ಲ" ಎಂದರು ಅವರು.

"ಹಾಲುಕ್ಸೋಕೆ ಸ್ಟೀಲಾ? ಮನೆ ಅಂತ ಕಟ್ಟೋದು ಒಂದೇ ಸಲ ಕಣ್ರೀ. ಸುಮ್ನಿರಿ ನೀವು."

ನಾಗಮಲ್ಲಪ್ಪ ಸುಮ್ಮನಾದರು. ಹೆಂಡತಿಯ ಮುಂದೆ ಸುಮ್ಮನಾಗುವುದು ಅವರಿಗೆ ಇಷ್ಟವಾದ ಕೆಲಸಗಳಲ್ಲಿ ಒಂದು.

ಅವರು ಕಟ್ಟಿದ್ದು ಬೆಟ್ಟ ಕಾಣುವ ಒಂದು ಬಡಾವಣೆಯಲ್ಲಿ, ಮೂವತ್ತು ನಲವತ್ತರ ಸೈಟಿನಲ್ಲಿ. ಕಟ್ಟಲು ಹಿಡಿದದ್ದು ಹನ್ನೊಂದು ವರ್ಷ. ತಳಪಾಯ ಹಾಕಿ ಎರಡು ವರ್ಷ ಬಿಟ್ಟರು, ಗೋಡೆ ಎಬ್ಬಿಸಿ ಮತ್ತೆರಡು ವರ್ಷ ಬಿಟ್ಟರು. ಭಾನುವಾರಗಳಲ್ಲಿ ನಾಗಮಲ್ಲಪ್ಪ ತಾವೇ ಗೋಡೆಗೆ ನೀರು ಹೊಡೆಯುತ್ತಿದ್ದರಂತೆ, ದಾಕ್ಷಾಯಣಮ್ಮ ಸೀರೆ ಎತ್ತಿಕಟ್ಟಿ ಇಟ್ಟಿಗೆ ಸಾಗಿಸುತ್ತಿದ್ದರಂತೆ. ಅವರಿಗೆ ಮಕ್ಕಳಾಗಲಿಲ್ಲ. ಆ ಮಾತನ್ನು ಅವರು ಯಾರ ಹತ್ತಿರವೂ ಎತ್ತುತ್ತಿರಲಿಲ್ಲ. ಮನೆಯ ಮಾತನ್ನು ಮಾತ್ರ ಕಂಡಕಂಡವರ ಹತ್ತಿರವೆಲ್ಲ ಎತ್ತುತ್ತಿದ್ದರು.

ಗೃಹಪ್ರವೇಶದ ದಿನ ಹೊಸ ಅಡುಗೆಮನೆಯಲ್ಲಿ ನನ್ನ ಕಂಠಕ್ಕೆ ಅರಿಶಿನದ ಕೊಂಬು ಕಟ್ಟಿದರು. ಹೊಸ ಮನೆಯಲ್ಲಿ ಮೊದಲು ಹಾಲು ಕಾಯಿಸಿ ಉಕ್ಕಿಸಬೇಕು, ಆಮೇಲೆ ಉಳಿದ ಅಡುಗೆ. ಸ್ವಂತ ಮನೆಯಾದರೂ ಅಷ್ಟೇ, ಬಾಡಿಗೆ ಮನೆಯಾದರೂ ಅಷ್ಟೇ. ಹಾಲುಕ್ಕಿತು ಎಂದರೆ ಆ ಮನೆಯಲ್ಲಿ ಇವರ ಸಂಸಾರ ಶುರುವಾಯಿತು ಎಂದು ಲೆಕ್ಕ. ಅಯ್ನೋರು ಮಂತ್ರ ಹೇಳುತ್ತಿದ್ದರು. ಹಾಲು ನನ್ನ ಒಳಗೆ ಮೆಲ್ಲಗೆ ಎದ್ದು ಮೂಡಣಕ್ಕೆ ಉಕ್ಕಿ ಒಲೆಯ ಮೇಲೆ ಚುರ್ ಎಂದಿತು. ದಾಕ್ಷಾಯಣಮ್ಮ ಸೆರಗು ಬಾಯಿಗೆ ಹಿಡಿದು ಅತ್ತರು. ನಾಗಮಲ್ಲಪ್ಪ ಸಂಭ್ರಮದಲ್ಲಿ ಬಂದವರಿಗೆಲ್ಲ ಬಚ್ಚಲುಮನೆಯ ಟೈಲ್ಸ್ ತೋರಿಸುತ್ತಿದ್ದರು.

ಹಾಗೆ ಹದಿನಾಲ್ಕು ವರ್ಷ ಚೆನ್ನಾಗಿಯೇ ಕಳೆಯಿತು. ನನ್ನನ್ನು ವರ್ಷಕ್ಕೆ ಮೂರು ನಾಲ್ಕು ಸಲ ಇಳಿಸಿ ಪಾಯಸ ಮಾಡುತ್ತಿದ್ದರು. ಹುಣಸೆಹಣ್ಣು ಹಚ್ಚಿ ತಿಕ್ಕಿ ಮತ್ತೆ ಮೇಲಿಡುತ್ತಿದ್ದರು. ತಪ್ಪಲೆಯ ಬದುಕಿಗೆ ಇನ್ನೇನು ಬೇಕು?

ಕೆಟ್ಟದ್ದು ಶುರುವಾದದ್ದು ನಾಗಮಲ್ಲಪ್ಪ ರಿಟೈರ್ ಆದ ಮೇಲೆ. ಅವರಿಗೆ ದುಡ್ಡಿಗೇನೂ ಕಷ್ಟವಿರಲಿಲ್ಲ, ಪಿಂಚಣಿ ಬರುತ್ತಿತ್ತು. ಕಷ್ಟವಿದ್ದದ್ದು ಹೊತ್ತು ಹೋಗುವುದಕ್ಕೆ. ಮೂವತ್ತಾರು ವರ್ಷ ಸೈರನ್ ಕೇಳಿ ಎದ್ದ ಮನುಷ್ಯ, ಈಗ ಪೇಪರನ್ನು ಎರಡೆರಡು ಸಲ ಓದಿ ಅಡುಗೆಮನೆಗೆ ಬಂದು ಡಬ್ಬಿಗಳ ಮುಚ್ಚಳ ಬಿಗಿಯಾಗಿವೆಯೇ ಎಂದು ನೋಡುತ್ತಿದ್ದರು. ಆಗ ಎದುರು ಮನೆಯ ಪಂಕಜಮ್ಮ ಅವರ ಕಿವಿಗೆ ಹುಳ ಬಿಟ್ಟರು. ಪಂಕಜಮ್ಮ ತಮ್ಮ ಮಹಡಿಯನ್ನು ದಸರಾಕ್ಕೆ ಬರುವವರಿಗೆ ದಿನದ ಲೆಕ್ಕದಲ್ಲಿ ಕೊಡುತ್ತಿದ್ದರು. ಫೋನಿನಲ್ಲೇ ಬುಕ್ಕಿಂಗ್, ಫೋನಿನಲ್ಲೇ ದುಡ್ಡು.

"ಬೋರ್ಡ್ ಹಾಕೋಂಗಿಲ್ಲ, ಬ್ರೋಕರ್ ಕಾಟ ಇಲ್ಲ. ಬಂದೋರು ಎರಡು ದಿನ ಇರ್ತಾರೆ, ಹೋಗ್ತಾರೆ. ಪರ್ಮನೆಂಟ್ ಬಾಡಿಗೆಯೋರ ಥರ ತಲೆ ಮೇಲೆ ಕೂರಲ್ಲ" ಎಂದರು ಪಂಕಜಮ್ಮ.

ಸರಿ, ಮಹಡಿಗೆ ಸುಣ್ಣಬಣ್ಣವಾಯಿತು. ಯಾರೋ ಬಂದು ಫೋಟೋ ತೆಗೆದರು. ನನ್ನನ್ನೂ ಕೆಳಗಿಳಿಸಿ, ಪಕ್ಕದಲ್ಲಿ ಎರಡು ಬಾಳೆಹಣ್ಣಿಟ್ಟು ತೆಗೆದರು. ಮೊದಲ ಅತಿಥಿಗಳು ಬಂದು ಹೋದ ಮೇಲೆ ಐದು ನಕ್ಷತ್ರ ಕೊಟ್ಟರಂತೆ. ಅವತ್ತು ನಾಗಮಲ್ಲಪ್ಪನವರ ಮುಖ ನೋಡಬೇಕಿತ್ತು. ವರ್ಕ್‌ಶಾಪಿನಲ್ಲಿ ಒಂದು ದಿನವೂ ಭೇಷ್ ಎನ್ನಿಸಿಕೊಳ್ಳದವರಿಗೆ, ಅರವತ್ತು ದಾಟಿದ ಮೇಲೆ ಗುರುತುಪರಿಚಯವಿಲ್ಲದವರು ಭೇಷ್ ಎಂದಿದ್ದರು. ಆ ರುಚಿ ಹತ್ತಿದ ಮೇಲೆ ಮನುಷ್ಯ ಬದುಕುವುದು ಕಷ್ಟ.

ನಾನೂ ಮಹಡಿಯ ಅಡುಗೆಮನೆಗೆ ವರ್ಗವಾದೆ. ಅತಿಥಿಗಳಿಗೆ ಹಳೇ ಕಾಲದ ಪಾತ್ರೆ ಕಂಡರೆ ಇಷ್ಟವಂತೆ. ಎಷ್ಟು ಇಷ್ಟವೆಂದರೆ ಒಂದು ಕುಟುಂಬ ನನ್ನಲ್ಲಿ ಸೋಪುಪುಡಿ ಹಾಕಿ ಮಕ್ಕಳ ಕಾಲುಚೀಲ ನೆನೆಹಾಕಿತು. ಅವರು ಹೋದ ಮೇಲೆ ದಾಕ್ಷಾಯಣಮ್ಮ ಮಹಡಿಗೆ ಬಂದು ನನ್ನನ್ನು ನೋಡಿ ಅಲ್ಲೇ ಕುಕ್ಕರಿಸಿದರು. ಗಂಡನಿಗೆ ಹೇಳಲಿಲ್ಲ. ಬಿಸಿನೀರಿನಲ್ಲಿ ಏಳು ಸಲ ತೊಳೆದು ಕೆಳಗಿನ ಮನೆಗೆ ಒಯ್ದು ಅಟ್ಟದ ಮೇಲೆ ಹಿಂದಕ್ಕೆ ತಳ್ಳಿದರು.

ಉಳಿದ ಅತಿಥಿಗಳ ವಿಷಯ ಹೇಳಿದಷ್ಟೂ ಇದೆ. ಒಬ್ಬರು ಒದ್ದೆ ಟವಲನ್ನು ದೇವರ ಗೂಡಿನ ಮೇಲೆ ಹರವಿ ಹೋದರು. ಒಬ್ಬರು ಬಚ್ಚಲಿನ ನಲ್ಲಿಯನ್ನೇ ಬಿಚ್ಚಿಕೊಂಡು ಹೋದರು. ಇನ್ನೊಬ್ಬಳು ಮೂರೇ ನಕ್ಷತ್ರ ಕೊಟ್ಟು, 'ಮನೆಯೊಡತಿ ಕಿಟಕಿಯಿಂದ ಹೋಗಿಬರುವವರನ್ನೆಲ್ಲ ನೋಡುತ್ತಾಳೆ' ಎಂದು ಬರೆದಳು. ಎರಡು ನಕ್ಷತ್ರ ಉದುರಿದ್ದಕ್ಕೆ ನಾಗಮಲ್ಲಪ್ಪ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ನೀನು ಆ ಕಿಟಕಿ ಹತ್ರ ಕೂರ್‍ಬೇಡ್ವೇ, ಇವ್ಳೇ" ಎಂದರು.

"ನಮ್ಮನೆ ಕಿಟ್ಕಿ ಕಣ್ರೀ ಅದು."

"ಗೊತ್ತು. ಆದ್ರೂ."

ದಾಕ್ಷಾಯಣಮ್ಮ ಅವತ್ತಿನಿಂದ ಆ ಕಿಟಕಿಯಲ್ಲಿ ಕೂರುವುದನ್ನು ಬಿಟ್ಟರು. ಮನೆ ಕೈಬಿಟ್ಟು ಹೋಗುವುದು ಹೇಗೆ ಎಂದು ನನ್ನನ್ನು ಕೇಳಿದರೆ, ಅವತ್ತೇ ಶುರುವಾಯಿತು ಎನ್ನುತ್ತೇನೆ. ಕೋರ್ಟು ಕಚೇರಿ ಎಲ್ಲ ಆಮೇಲಿನ ಮಾತು.

ಹೀಗಿರುವಾಗ ಹರಿಚರಣ ಮತ್ತು ಲಾವಣ್ಯ ಎಂಬ ಗಂಡಹೆಂಡತಿ ಮೂರು ದಿನಕ್ಕೆಂದು ಮಹಡಿಗೆ ಬಂದರು. ಮೂವತ್ತೈದರ ಆಸುಪಾಸು. ಅವನದು ಇಸ್ತ್ರಿ ಕೆಡದ ಶರಟು, ಅವಳದು ಇಳಿದ ದನಿ. ಬಂದವಳೇ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ಜೋಡಿಸಿಟ್ಟಳು. ಅಷ್ಟಕ್ಕೇ ದಾಕ್ಷಾಯಣಮ್ಮ ಅರ್ಧ ಕರಗಿದರು. ಎರಡನೆಯ ದಿನ ಅವರಿಬ್ಬರೂ ಅಮ್ಮ, ಅಪ್ಪಾಜಿ ಎಂದು ಕರೆಯತೊಡಗಿದರು. ಆ ಮನೆಯಲ್ಲಿ ಆ ಎರಡು ಮಾತನ್ನು ಯಾರೂ ಯಾರಿಗೂ ಅಂದಿರಲಿಲ್ಲ. ಕಳ್ಳರಿಗೆ ಬೀಗ ಮುರಿಯುವ ಸಲಕರಣೆ ಬೇಕು ಎಂದು ನೀವು ಅಂದುಕೊಂಡಿದ್ದರೆ ನೀವೂ ನಾಗಮಲ್ಲಪ್ಪನಂಥವರೇ.

ಮೂರು ದಿನ ಮುಗಿಯುವ ಹೊತ್ತಿಗೆ ಸರಿಯಾಗಿ ದಾಕ್ಷಾಯಣಮ್ಮನವರ ಮಂಡಿನೋವಿನ ಮಾತು ಬಂತು. ನಂಜನಗೂಡಿನಲ್ಲಿ ಅವರ ತಂಗಿ ಬಸಮಣ್ಣಿ ಇದ್ದಳು. ಅಲ್ಲಿನ ಒಬ್ಬ ಪಂಡಿತರ ಹತ್ತಿರ ಒಂದು ತಿಂಗಳು ಎಣ್ಣೆಚಿಕಿತ್ಸೆ ಮಾಡಿಸಬೇಕೆಂದು ನಿಶ್ಚಯವಾಗಿತ್ತು.

"ತಿಂಗ್ಳೆಲ್ಲ ಮನೆ ಖಾಲಿ ಬಿಡ್ತೀರಾ ಅಮ್ಮಾ? ನಮ್ಗೂ ಒಂದು ತಿಂಗ್ಳು ಇಲ್ಲಿ ಕೆಲ್ಸ ಇದೆ. ಕೆಳಗಡೆ ಮನೇನೂ ನಾವೇ ನೋಡ್ಕೋತೀವಿ. ದಿನಾ ದೇವ್ರಿಗೆ ದೀಪ ಹಚ್ತೀನಿ" ಎಂದಳು ಲಾವಣ್ಯ.

"ಆ ಫೋನಿನ ಕಂಪನಿಯೋರಿಗೆ ಯಾಕೆ ಸುಮ್ನೆ ಕಮಿಷನ್ ಕೊಡ್ತೀರಿ ಅಪ್ಪಾಜಿ? ನಮ್ ನಮ್ಮಲ್ಲೇ ಮುಗಿಸ್ಕೊಳೋಣ" ಎಂದ ಹರಿಚರಣ.

ಮನೆಮಕ್ಕಳ ಹಾಗೆ ಮಾತಾಡುವವರ ಹತ್ತಿರ ರಸೀದಿ ಕೇಳುವುದು ಹೇಗೆ? ನಾಗಮಲ್ಲಪ್ಪ ಕೇಳಲಿಲ್ಲ. ಹೊರಡುವ ಹಿಂದಿನ ದಿನ ಲಾವಣ್ಯ ಅಡುಗೆಮನೆಗೆ ಬಂದು ಬಾಗಿಲಿಗೊರಗಿ ನಿಂತಳು. ಅವಳು ಆಡಿದ ಮಾತು ನನಗೆ ಅಕ್ಷರಕ್ಷರ ನೆನಪಿದೆ.

"ಅಮ್ಮಾ, ಒಂದು ಕೇಳ್ಲಾ? ಇರೋದು ಒಂದೇ ತಿಂಗ್ಳಾದ್ರೂ ಹಾಲುಕ್ಸದೆ ಒಲೆ ಹಚ್ಬೇಡ ಅಂತ ನಮ್ಮತ್ತೆ ಹೇಳಿದ್ರು. ಇಂಥಾ ತುಂಬಿದ ಮನೇಲಿ ಹಾಲುಕ್ಸಿದ್ರೆ ನಮ್ಗೂ ಒಂದು ಸ್ವಂತ ಮನೆ ಆಗತ್ತೇನೋ ಅಂತ ಆಸೆ."

ಕಾಲುಚೀಲ ನೆನೆಹಾಕಿದವರನ್ನೂ ದೇವರ ಗೂಡಿನ ಮೇಲೆ ಟವಲು ಹರವಿದವರನ್ನೂ ಕಂಡಿದ್ದ ದಾಕ್ಷಾಯಣಮ್ಮ ಈ ಮಾತು ಕೇಳಿದ್ದೇ ತಡ, ಎದ್ದರು. ಸ್ಟೂಲು ಹಾಕಿಕೊಂಡು, ನೋವಿನ ಮಂಡಿಯಲ್ಲೇ ಹತ್ತಿ, ಅಟ್ಟದಿಂದ ನನ್ನನ್ನು ಇಳಿಸಿದರು. ಲಾವಣ್ಯ ತಾನು ತಿಕ್ಕುತ್ತೇನೆ ಎಂದರೂ ಕೊಡದೆ ತಾವೇ ತಿಕ್ಕಿದರು. ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿಸಿದರು, ಹೊಸ್ತಿಲಿಗೆ ರಂಗೋಲಿ ಹಾಕಿದರು, ಪಂಕಜಮ್ಮನನ್ನೂ ಕರೆದರು. ಒಂದು ತಿಂಗಳ ಅತಿಥಿಗಳಿಗೆ ಇಷ್ಟೆಲ್ಲ ಯಾಕೆ ಎಂದು ಆ ಮನೆಯಲ್ಲಿ ಕೇಳುವವರು ಒಬ್ಬರೂ ಇರಲಿಲ್ಲ. ನಾನಿದ್ದೆ, ಆದರೆ ನನ್ನ ಬಾಯಿ ಇರುವುದು ತುಂಬಿಸಿಕೊಳ್ಳುವುದಕ್ಕೆ.

ಹಾಲುಕ್ಕಿತು. ಮೊದಲ ಸಲದಷ್ಟೇ ಚೆನ್ನಾಗಿ ಉಕ್ಕಿತು, ಅದನ್ನು ಸುಳ್ಳು ಹೇಳಲಾರೆ. ಹರಿಚರಣ ಫೋನು ಹಿಡಿದು ಒಂದರ ಮೇಲೊಂದು ಫೋಟೋ ತೆಗೆದ.

"ಅಪ್ಪಾಜಿ, ಬೀಗದ ಕೈನ ಅರಿಶಿನ ಕುಂಕುಮದ ತಟ್ಟೇಲಿಟ್ಟು ನಮ್ಮಿಬ್ರ ಕೈಗೂ ಕೊಡಿ. ನಮ್ಮತ್ತೆಗೆ ಕಳಿಸ್ಬೇಕು" ಎಂದಳು ಲಾವಣ್ಯ.

ನಾಗಮಲ್ಲಪ್ಪ ಶಲ್ಯ ಸರಿಮಾಡಿಕೊಂಡು ಕೊಟ್ಟರು. ಬದಲಿಗೆ ಹರಿಚರಣ ಎರಡೂ ಕೈಯಲ್ಲಿ ಒಂದು ತುಂಬಿದ ಬಟ್ಟೆಚೀಲವನ್ನು ಅವರಿಗೆ ಕೊಟ್ಟು ನಮಸ್ಕಾರ ಮಾಡಿದ. ಅದೂ ಫೋಟೋ ಆಯಿತು. ಚೀಲದಲ್ಲಿ ಇದ್ದದ್ದು ಎರಡು ತೆಂಗಿನಕಾಯಿ, ಒಂದು ಚಿಪ್ಪು ಬಾಳೆಹಣ್ಣು, ಒಂದು ಪಂಚೆ, ಒಂದು ಸೀರೆ. ನಾನು ಒಲೆಯ ಮೇಲಿಂದ ನೋಡಿದ್ದೇನೆ.

ಅದೇ ಒಲೆಯಲ್ಲಿ ನನ್ನೊಳಗೆ ಶಾವಿಗೆ ಪಾಯಸ ಬೇಯುತ್ತಿದ್ದಾಗ ಹರಿಚರಣ ಊಟದ ಮೇಜಿನ ಮೇಲೆ ಮೂರು ಹಾಳೆ ಹರಡಿದ. ಬ್ಯಾಂಕಿನಲ್ಲಿ ಖಾತೆ ತೆರೆಯಲು ವಿಳಾಸದ ದಾಖಲೆ ಬೇಕು, ಒಂದು ಕರಾರುಪತ್ರ ಇದ್ದರೆ ಸಾಕು ಎಂದ. ಮೊದಲ ಹಾಳೆಯಲ್ಲಿ ಒಂದು ತಿಂಗಳು ಎಂದೇ ಬರೆದಿತ್ತು, ನಾಗಮಲ್ಲಪ್ಪ ಅದನ್ನು ಗಟ್ಟಿಯಾಗಿ ಓದಿದರು. ಮಿಕ್ಕ ಎರಡರಲ್ಲಿ ಬರೀ ಸಹಿಯ ಜಾಗ. ಪಾಯಸದ ಘಮಕ್ಕೋ, ಅಪ್ಪಾಜಿ ಎಂಬ ಮಾತಿಗೋ, ಕನ್ನಡಕವನ್ನು ಹಣೆಗೇರಿಸಿಕೊಂಡು ಮೂರಕ್ಕೂ ಸಹಿ ಹಾಕಿದರು. ಅವರ ಸಹಿ ಬಹಳ ಅಂದವಾಗಿತ್ತು.

ತಿಂಗಳು ಮುಗಿದು ನಾಗಮಲ್ಲಪ್ಪ, ದಾಕ್ಷಾಯಣಮ್ಮ ನಂಜನಗೂಡಿನಿಂದ ವಾಪಸಾಗಿ ಆಟೋದಲ್ಲಿ ಬಂದಿಳಿದಾಗ ಗೇಟಿಗೆ ಹೊಸ ಬೀಗ ಬಿದ್ದಿತ್ತು. ಅಷ್ಟು ಹೊತ್ತಿಗೆ ನಾನು ನಡುಮನೆಯ ಶೋಕೇಸಿಗೆ ಬಂದಿದ್ದೆ. ನನ್ನ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಹೂವು. ಕಿಟಕಿಯಿಂದ ಗೇಟು ಚೆನ್ನಾಗಿ ಕಾಣುತ್ತಿತ್ತು.

ಹರಿಚರಣ ಹೊರಗೆ ಹೋದ, ಗೇಟು ತೆಗೆಯಲಿಲ್ಲ.

"ಏನ್ ಅಪ್ಪಾಜಿ, ಫೋನಾದ್ರೂ ಮಾಡಿ ಬರ್‍ಬಾರ್ದಾ?"

"ಯಾಕಪ್ಪ ಫೋನು? ನಮ್ಮನೆಗೆ ನಾವು ಬರೋಕೆ?"

"ಮನೆ ನಿಮ್ದೇ, ಯಾರು ಇಲ್ಲ ಅಂದ್ರು? ಮೂರು ವರ್ಷ ಭೋಗ್ಯಕ್ಕೆ ಕೊಟ್ಟಿದೀರಲ್ಲ. ಹನ್ನೆರಡು ಲಕ್ಷ ಇಸ್ಕೊಂಡು ಸೈನ್ ಹಾಕಿದೀರಿ. ಅವಧಿ ಮುಗಿದ್ಮೇಲೆ ನಮ್ ದುಡ್ಡು ನಮ್ಗೆ ಕೊಡಿ, ಮನೆ ತಗೊಳಿ."

ನಾಗಮಲ್ಲಪ್ಪ ತಮಾಷೆ ಎಂದುಕೊಂಡು ನಕ್ಕರು. ಆ ನಗುವನ್ನು ನಾನು ಈಗಲೂ ಮರೆತಿಲ್ಲ, ಅಷ್ಟು ಪೆದ್ದುತನವಿತ್ತು ಅದರಲ್ಲಿ. ಆಟೋದವನು ಸಾಮಾನು ಇಳಿಸಲೋ ಬೇಡವೋ ಎಂದು ನಿಂತಿದ್ದ. ದಾಕ್ಷಾಯಣಮ್ಮ ಗೇಟಿನ ಸರಳು ಹಿಡಿದು, "ಲಾವಣ್ಯ, ಒಸಿ ಬಾಮ್ಮ ಇಲ್ಲಿ" ಎಂದು ಕರೆದರು. ಲಾವಣ್ಯ ನನ್ನ ಪಕ್ಕದಲ್ಲೇ ಸೋಫಾದ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಳು. ಏಳಲಿಲ್ಲ.

ಸಂಜೆ ಠಾಣೆಯಿಂದ ಒಬ್ಬ ಎಎಸ್ಐ ಬಂದರು. ವಯಸ್ಸಾದ ಮನುಷ್ಯ, ಕೆಟ್ಟವರಲ್ಲ. ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿ ಕರಾರುಪತ್ರ ಓದಿದರು. ಹಿಂದಿನ ಎರಡು ಹಾಳೆಗಳಲ್ಲಿ ಈಗ ಬರಹ ತುಂಬಿತ್ತು, ಒಂದು ತಿಂಗಳೆಂದು ಬರೆದಿದ್ದ ಮೊದಲ ಹಾಳೆ ಮಾಯವಾಗಿತ್ತು. ಆ ಎರಡರ ಕೆಳಗಿನ ಸಹಿ ನಾಗಮಲ್ಲಪ್ಪನದೇ. ಆಮೇಲೆ ಹರಿಚರಣ ಫೋನು ತೆಗೆದು ಫೋಟೋಗಳನ್ನು ಒಂದೊಂದಾಗಿ ತೋರಿಸಿದ. ತಟ್ಟೆಯಲ್ಲಿ ಬೀಗದ ಕೈ ಕೊಡುತ್ತಿರುವ ನಾಗಮಲ್ಲಪ್ಪ. ತುಂಬಿದ ಬಟ್ಟೆಚೀಲವನ್ನು ಎರಡೂ ಕೈಯಲ್ಲಿ ಇಸಿದುಕೊಳ್ಳುತ್ತಿರುವ ನಾಗಮಲ್ಲಪ್ಪ. ಒಲೆಯ ಮುಂದೆ ಲಾವಣ್ಯಳ ಹೆಗಲ ಮೇಲೆ ಕೈಯಿಟ್ಟು ನಗುತ್ತಿರುವ ದಾಕ್ಷಾಯಣಮ್ಮ. ಮಧ್ಯದಲ್ಲಿ ನೊರೆ ಉಕ್ಕಿಸುತ್ತಿರುವ ನಾನು.

"ಮೂರು ದಿನಕ್ಕೆ ಬಂದಿದ್ರು ಸಾರ್. ಆಮೇಲೆ ಒಂದು ತಿಂಗ್ಳು ಅಂದ್ರು" ಎಂದರು ದಾಕ್ಷಾಯಣಮ್ಮ.

ಎಎಸ್ಐ ಫೋಟೋವನ್ನು ಮತ್ತೊಮ್ಮೆ ದೊಡ್ಡದು ಮಾಡಿ ನೋಡಿದರು.

"ಒಂದು ತಿಂಗ್ಳಿಗೆ ಬಂದೋರು ಯಾರಮ್ಮ ಹಾಲುಕ್ಸ್ತಾರೆ?"

 ಮೈಸೂರಿನಲ್ಲಿ ಯಾರಾದರೂ ಕೇಳುವ ಪ್ರಶ್ನೆಯೇ ಅದು. ಆಸೆಪಟ್ಟಳು, ಪಾಪ ಅನ್ನಿಸಿತು, ಮಾಡಿಸಿದೆ ಎಂದು ಆ ತಾಯಿ ತಡವರಿಸಿದರು. ಎಎಸ್ಐ ಪಂಕಜಮ್ಮನನ್ನು ಕರೆಸಿದರು. ಪಂಕಜಮ್ಮ ದೇವರಾಣೆಗೂ ಸುಳ್ಳು ಹೇಳುವವರಲ್ಲ.

"ಹೌದು, ಹಾಲುಕ್ಸಿದ್ರು. ನಾನೂ ಬಂದಿದ್ದೆ, ಪಾಯ್ಸ ಕುಡ್ದೆ. ದುಡ್ಡಿನ ವಿಷ್ಯ ನಂಗೊತ್ತಿಲ್ಲ."

ಒಂದೊಂದು ಮಾತೂ ನಿಜ. ಆ ನಿಜದಲ್ಲೇ ಮನೆ ಹೋಯಿತು. ಎಎಸ್ಐ ಟೋಪಿ ಎತ್ತಿಕೊಂಡು, "ಇದು ಸಿವಿಲ್ ಮ್ಯಾಟ್ರು ಸ್ವಾಮಿ, ನಾವು ಕೈ ಹಾಕೋಂಗಿಲ್ಲ. ಕೋರ್ಟಿಗೆ ಹೋಗಿ" ಎಂದರು. ಒಂದೇ ವಾರದಲ್ಲಿ ಹರಿಚರಣನೇ ಮೊದಲು ಕೋರ್ಟಿಗೆ ಹೋಗಿ, ತನ್ನನ್ನು ಬಲವಂತವಾಗಿ ಬಿಡಿಸಬಾರದೆಂದು ತಡೆಯಾಜ್ಞೆ ತಂದ. ನಾಗಮಲ್ಲಪ್ಪ ದಾಕ್ಷಾಯಣಮ್ಮ ತಂದ ಸಾಮಾನಿನೊಂದಿಗೇ ನಂಜನಗೂಡಿಗೆ ವಾಪಸಾದರು. ಬಸಮಣ್ಣಿಯ ಮನೆಯ ನಡುಮನೆಯಲ್ಲಿ ಅವರಿಗೆ ಚಾಪೆ ಬಿತ್ತು.

ನನ್ನ ಬಗ್ಗೆಯೂ ಹೇಳಬೇಕು. ಕೋರ್ಟಿಗೆ ಹೋದ ಫೋಟೋದಲ್ಲಿ ನಟ್ಟನಡುವೆ ಇರುವುದು ನಾನು. ಹೆದರಿಸಿ ನನ್ನ ಬಾಯಿಂದ ಸುಳ್ಳುಸಾಕ್ಷಿ ಹೇಳಿಸಿದರು ಎನ್ನೋಣವೆಂದರೆ ಅದೂ ಇಲ್ಲ. ನನಗೆ ತಿಳಿದ ಒಂದೇ ಕೆಲಸವನ್ನು ನಾನು ಒಪ್ಪವಾಗಿ ಮಾಡಿದ್ದೆ. ಅದನ್ನು ನೆನೆದರೆ ಇವತ್ತಿಗೂ ನನಗೆ ನನ್ನ ಮೇಲೇ ಹೇಸಿಗೆ.

ಕೇಸು ನಡೆಯಿತು, ಅಂದರೆ ವಾಯಿದೆಯಿಂದ ವಾಯಿದೆಗೆ ಹೋಯಿತು. ಕೋರ್ಟಿಗೆ ಬಂದ ದಿನಗಳಲ್ಲೆಲ್ಲ ನಾಗಮಲ್ಲಪ್ಪ ಬಸ್ಸು ಹತ್ತಿ ಬಡಾವಣೆಗೂ ಬರುತ್ತಿದ್ದರು. ಎದುರಿನ ಲೈಟುಕಂಬದ ಪಕ್ಕ ನಿಂತು ಮನೆ ನೋಡುತ್ತಿದ್ದರು. ಒಂದು ಸಲ ಮಹಡಿಯ ಪೈಪು ಸೋರಿ ಗೋಡೆ ಹಸಿರು ಹಿಡಿದದ್ದು ಕಂಡು ತಡೆಯಲಾರದೆ ರಸ್ತೆಯಿಂದಲೇ, "ಆ ವಾಷರ್ ಚೇಂಜ್ ಮಾಡ್ಸಪ್ಪ, ಗೋಡೆ ಹಾಳಾಗತ್ತೆ" ಎಂದು ಕೂಗಿದರು. ಹರಿಚರಣ ಬಾಲ್ಕನಿಯಿಂದ ಕೈ ಮುಗಿದು, "ಆಯ್ತು ಅಪ್ಪಾಜಿ" ಎಂದ. ವಾಷರು ಹಾಕಿಸಲಿಲ್ಲ. ಮೂರು ವರ್ಷದ ಅವಧಿ ಮುಗಿಯಿತು, ಬಿಡಲಿಲ್ಲ. ಹನ್ನೆರಡು ಲಕ್ಷ ವಾಪಸು ಕೊಟ್ಟರೆ ಈಗಲೇ ಬಿಡುತ್ತೇನೆ ಎನ್ನುತ್ತಿದ್ದ. ಪಡೆಯದ ದುಡ್ಡನ್ನು ವಾಪಸು ಕೊಡುವುದು ಹೇಗೆಂದು ನಾಗಮಲ್ಲಪ್ಪನಿಗೆ ಯಾವ ವಕೀಲರೂ ಹೇಳಿಕೊಡಲಿಲ್ಲ.

ಈ ನಡುವೆ ಹರಿಚರಣ ತಾನೇ ಮನೆಯನ್ನು ದಿನದ ಲೆಕ್ಕದಲ್ಲಿ ಅತಿಥಿಗಳಿಗೆ ಕೊಡತೊಡಗಿದ. ಗಂಡಹೆಂಡತಿ ಬೇರೆಲ್ಲೋ ಒಂದು ಫ್ಲಾಟಿಗೆ ಹೋದರು. ಫೋನಿನಲ್ಲಿ ಮನೆಗೆ ಹೊಸ ಹೆಸರು ಬಂತು, ಹಳೆಯ ಫೋಟೋಗಳನ್ನೇ ಹಾಕಿಕೊಂಡ. ಬಾಳೆಹಣ್ಣಿನ ಜೊತೆ ನಾನಿದ್ದ ಫೋಟೋವನ್ನೂ ಬಿಡಲಿಲ್ಲ.

ಐದನೆಯ ವರ್ಷ ಬೇಸಗೆಯಲ್ಲಿ ನಾಗಮಲ್ಲಪ್ಪ ತೀರಿಕೊಂಡರು. ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಶವದ ವ್ಯಾನು ಬಂದು ಗೇಟಿನ ಮುಂದೆ ನಿಂತಿತು. ಮಣ್ಣಿಗೆ ಒಯ್ಯುವ ಮೊದಲು ಕಟ್ಟಿದವರನ್ನು ಕಟ್ಟಿದ ಮನೆಯ ಮುಂದೆ ಅರ್ಧ ಗಂಟೆ ಕೂರಿಸಬೇಕು ಎಂಬುದು ದಾಕ್ಷಾಯಣಮ್ಮನ ಆಸೆ. ಅವತ್ತು ಹರಿಚರಣ ಅತಿಥಿಗಳನ್ನು ಬರಮಾಡಿಕೊಳ್ಳಲು ಬಂದಿದ್ದ. ಮಹಡಿಯಲ್ಲಿ ಹುಟ್ಟುಹಬ್ಬಕ್ಕೆಂದು ಬಂದ ಒಂದು ಗುಂಪಿತ್ತು, ಬಲೂನು ಊದುತ್ತಿತ್ತು.

"ಜಗಲಿ ಮೇಲೆ ಸಾಕಪ್ಪ, ಒಳಗೆ ಬೇಡ. ಅರ್ಧ ಗಂಟೆ. ಕೈ ಮುಗಿತೀನಿ" ಎಂದರು ದಾಕ್ಷಾಯಣಮ್ಮ.

"ಅಮ್ಮಾ, ನಂಗೂ ಬೇಜಾರೇ. ಆದ್ರೆ ಗೆಸ್ಟ್ ಇದಾರೆ. ಇಂಥದ್ದೆಲ್ಲ ನೋಡಿದ್ರೆ ರಿವ್ಯೂನಲ್ಲಿ ಬರೀತಾರೆ."

ಗೇಟು ತೆಗೆಯಲಿಲ್ಲ. 'ರಿವ್ಯೂ' ಎಂಬ ಮಾತಿಗೆ ಅಂಜಿ ಹೆಂಡತಿಯನ್ನು ಕಿಟಕಿಯಿಂದ ಎಬ್ಬಿಸಿದ್ದ ಮನುಷ್ಯ ವ್ಯಾನಿನಲ್ಲಿ ಮಲಗಿದ್ದರು. ಡ್ರೈವರು ಇಂಜಿನ್ ಆರಿಸದೆ ಐದು ನಿಮಿಷ ಕಾದ. ಮಹಡಿಯಿಂದ ಒಬ್ಬಳು ಹುಡುಗಿ ಬಗ್ಗಿ ನೋಡಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಆಮೇಲೆ ವ್ಯಾನು ಹೊರಟಿತು.

ಮುಂದಿನ ವರ್ಷ, ದಸರಾ ಮುಗಿದು ಜನ ಕಡಿಮೆಯಾದ ಒಂದು ಬುಧವಾರ, ಕೆಳಗಿನ ಮನೆಗೆ ಒಬ್ಬರೇ ಅತಿಥಿ ಬಂದರು. ಬಾಗಿಲು ತೆಗೆದವಳು ಜವರಮ್ಮ. ಮನೆ ನೋಡಿಕೊಳ್ಳಲು ಮೂರು ತಿಂಗಳ ಹಿಂದೆ ಸೇರಿದ ಹೆಂಗಸು, ಹಳೆಯದೊಂದೂ ಗೊತ್ತಿಲ್ಲ. ಬಂದವರು ದಾಕ್ಷಾಯಣಮ್ಮ. ಬಸಮಣ್ಣಿಯ ಸೊಸೆಯ ಫೋನಿನಿಂದ ಒಂದು ದಿನಕ್ಕೆ ಬುಕ್ ಮಾಡಿಸಿಕೊಂಡು, ಕೈಯಲ್ಲಿ ಒಂದು ಬ್ಯಾಗು ಹಿಡಿದು, ತಮ್ಮ ಮನೆಗೆ ಅತಿಥಿಯಾಗಿ ಬಂದಿದ್ದರು.

"ಬನ್ನಿ ಅಜ್ಜಿ. ಬಚ್ಚಲು ಆ ಕಡೆ ಅದೆ, ತೋರುಸ್ಲಾ?"

"ಬೇಡಮ್ಮ. ಸಿಗತ್ತೆ."

ಜವರಮ್ಮ ನಿಯಮಗಳನ್ನು ಒಪ್ಪಿಸಿದಳು. ಗೋಡೆಗೆ ಮೊಳೆ ಹೊಡೆಯಬಾರದು, ದೇವರ ಗೂಡಿನಲ್ಲಿ ದೀಪ ಹಚ್ಚಬಾರದು, ನಾಳೆ ಹನ್ನೊಂದಕ್ಕೆ ಖಾಲಿ ಮಾಡಬೇಕು. ದಾಕ್ಷಾಯಣಮ್ಮ ಎಲ್ಲಕ್ಕೂ ಹೂಂ ಎಂದರು. ಅವಳು ಹೋದ ಮೇಲೆ ಗೋಡೆಗೆ ಅಂಗೈಯಿಟ್ಟು ಕೋಣೆಯಿಂದ ಕೋಣೆಗೆ ನಡೆದರು. ಕುರುಡರು ನಡೆಯುವ ಹಾಗಿತ್ತು. ಪೊರಕೆ ಹುಡುಕಿ ಮನೆಯೆಲ್ಲ ಗುಡಿಸಿದರು. ಅತಿಥಿ ಗುಡಿಸುವುದನ್ನು ಆ ಮನೆಯಲ್ಲಿ ನಾನು ಕಂಡದ್ದು ಅದೊಂದೇ ಸಲ. ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕತ್ತಲಾಗುವವರೆಗೆ ಕೂತರು.

ಬೆಳಿಗ್ಗೆ ಶೋಕೇಸಿನ ಮುಂದೆ ಬಂದು ನಿಂತರು. ನನ್ನನ್ನು ಎತ್ತಿಕೊಂಡು ಪ್ಲಾಸ್ಟಿಕ್ ಹೂವನ್ನು ಕಸಕ್ಕೆ ಸುರಿದರು. ಆರು ವರ್ಷದ ಕಿಲುಬು ಹಿಡಿದಿದ್ದೆ, ತಳದಲ್ಲಿ ಸಿಗರೇಟಿನ ಬೂದಿಯಿತ್ತು. ಬ್ಯಾಗಿನಿಂದ ಹುಣಸೆಹಣ್ಣು ತೆಗೆದರು. ಊರಿಂದಲೇ ತಂದಿದ್ದರು ಎಂದರೆ ಬಂದದ್ದೇ ನನಗಾಗಿ ಎಂದು ಆಗ ತಿಳಿಯಿತು. ಒಂದು ಗಂಟೆ ಹೊತ್ತು, ಒಳಗೆ ಹೊರಗೆ, ಉಸಿರು ಕಟ್ಟುವವರೆಗೆ ತಿಕ್ಕಿದರು. ಬ್ಯಾಗಿನಲ್ಲಿದ್ದ ಒಂದು ಸೀರೆಯಲ್ಲಿ ಒರೆಸಿ, ಅದೇ ಸೀರೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡರು. ಮನೆ ಬೇಡ, ತಪ್ಪಲೆಯೊಂದು ಸಾಕು ಎನ್ನುವಲ್ಲಿಗೆ ಬಂದಿದ್ದರು. ಆ ಕತ್ತಲೆಯಲ್ಲಿ, ಬಟ್ಟೆಯ ವಾಸನೆಯಲ್ಲಿ, ನಾನೂ ಆಸೆಪಟ್ಟೆ. ಅದು ನನ್ನ ಜೀವಮಾನದ ದೊಡ್ಡ ತಪ್ಪು.

ಹನ್ನೊಂದಕ್ಕೆ ಜವರಮ್ಮ ಬಂದಳು. ಮೊದಲು ಅತಿಥಿಗಳ ಪುಸ್ತಕ ಮುಂದಿಟ್ಟು, "ಮನೆ ಎಂಗಿತ್ತು ಅಂತ ಬರೀರಿ ಅಜ್ಜಿ" ಎಂದಳು. ದಾಕ್ಷಾಯಣಮ್ಮ ಬಹಳ ಹೊತ್ತು ಬರೆದರು. ಜವರಮ್ಮ ಅದನ್ನು ಕೂಡಿಸಿಕೊಂಡು ಓದಿದಳು. "ಮನೆ ಗಟ್ಟಿಯಾಗಿದೆ. ಮಹಡಿಯ ಪೈಪಿಗೆ ವಾಷರ್ ಹಾಕಿಸಬೇಕು." ಓದಿ, ತಲೆಯಾಡಿಸಿ, ಪಟ್ಟಿ ಹಿಡಿದು ಸಾಮಾನು ನೋಡತೊಡಗಿದಳು. ಶೋಕೇಸಿನ ಹತ್ತಿರ ನಿಂತಳು.

"ಅಜ್ಜಿ, ಬ್ಯಾಗ್ ಒಸಿ ತೋರ್ಸಿ. ಬೇಜಾರ್ ಮಾಡ್ಕಬ್ಯಾಡಿ."

"ಅದು ನಂದೇ ಕಣಮ್ಮ."

"ಸಿಕ್ಕಾಕ್ಕಂಡೋರೆಲ್ಲ ಅಂಗೇ ಅನ್ನದು. ತಗೀರಿ."

ಬ್ಯಾಗನ್ನು ಅವಳೇ ತೆಗೆದಳು. ಸೀರೆ ಬಿಚ್ಚಿದ ಕೂಡಲೆ ನಾನು ಹೊಳೆದೆ, ಅಡಗುವುದಕ್ಕೆ ಆಗಲಿಲ್ಲ. ಜವರಮ್ಮ ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು. ಲಾವಣ್ಯಳ ಇಳಿದ ದನಿ ಕೇಳಿತು.

"ಗಲಾಟೆ ಮಾಡ್ಬೇಡ. ವಾಪಸ್ ಇಸ್ಕೊಂಡು ಕಳ್ಸು. ಬುಕಿಂಗ್‌ನಲ್ಲಿ ಹೆಸ್ರೇನಿದೆ?"

"ದಾಕ್ಷಾಯಣಮ್ಮ ಅಂತ ಅದೆ ಮೇಡಂ."

 ದಾಕ್ಷಾಯಣಮ್ಮ ಫೋನಿನ ಕಡೆ ಒಂದು ಹೆಜ್ಜೆ ಹೋಗಿ, "ಲಾವಣ್ಯ" ಎಂದರು. ಅಷ್ಟೇ ಅಂದದ್ದು.

"ಜವರಮ್ಮ, ಆ ಹೆಸರನ್ನ ನಾನು ಬ್ಲಾಕ್ ಮಾಡ್ತೀನಿ. ಇನ್ಮೇಲೆ ಅವ್ರು ಬಂದ್ರೆ ಗೇಟ್ ತೆಗೀಬೇಡ" ಎಂದು ಲಾವಣ್ಯ ಫೋನಿಟ್ಟಳು.

ದಾಕ್ಷಾಯಣಮ್ಮ ಖಾಲಿ ಸೀರೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ಚಪ್ಪಲಿ ಮೆಟ್ಟಿಕೊಂಡು, ಗೇಟನ್ನು ತಾವೇ ಎಳೆದು ಮುಚ್ಚಿ ಹೋದರು. ಆಮೇಲೆ ಅವರನ್ನು ನಾನು ಕಂಡಿಲ್ಲ.

ಮಾರನೆಯ ದಿನವೇ ಹರಿಚರಣ ಒಬ್ಬ ಬಡಗಿಯನ್ನು ಕರೆತಂದ. ಇನ್ನು ಯಾರೂ ಎತ್ತಿಕೊಂಡು ಹೋಗಬಾರದೆಂದು ನನ್ನ ತಳಕ್ಕೆ ಡ್ರಿಲ್ಲಿಂಗ್ ಮೆಷಿನ್ನಿನಿಂದ ತೂತು ಹೊಡೆಸಿ, ಬೋಲ್ಟು ಹಾಕಿ, ಶೋಕೇಸಿನ ಹಲಗೆಗೆ ಬಿಗಿಸಿದ. ಸಿದ್ದಾಚಾರಿ ಒಂದು ದಿನ ಪೂರ್ತಿ ಬಡಿದು ಮಾಡಿದ ತಪ್ಪಲೆಯನ್ನು ಕೆಡಿಸಲು ಅರ್ಧ ನಿಮಿಷ ಸಾಕಾಯಿತು. ಇನ್ನು ನಾನು ಹಾಲನ್ನೂ ಹಿಡಿಯಲಾರೆ, ನೀರನ್ನೂ ಹಿಡಿಯಲಾರೆ.

ಹಿತ್ತಾಳೆಗೆ ಬೇಗ ಸಾವು ಬರುವುದಿಲ್ಲ. ಈ ಹಲಗೆಯ ಮೇಲೆ ಇನ್ನೂ ಎಷ್ಟು ಕಾಲ ಇರಬೇಕೋ ತಿಳಿಯದು. ವಾರಕ್ಕೆ ಮೂರು ನಾಲ್ಕು ಗುಂಪು ಬರುತ್ತವೆ. ನನ್ನನ್ನು ಎತ್ತಲು ನೋಡಿ, ಬರದಿದ್ದಾಗ, ಯಾಕೆ ಹೀಗೆ ಬಿಗಿದಿದ್ದಾರೆ ಎಂದು ಕೇಳುತ್ತವೆ. ಒಬ್ಬ ಕಳ್ಳಿ ಅಜ್ಜಿ ಬಂದಿದ್ದಳು ಎಂದು ಜವರಮ್ಮ ಕಥೆ ಹೇಳುತ್ತಾಳೆ. ಅತಿಥಿಗಳು ನಗುತ್ತಾರೆ, ಬಗ್ಗಿ ನನ್ನ ಹೊಟ್ಟೆಯಲ್ಲಿ ತಮ್ಮ ಮುಖ ನೋಡಿಕೊಂಡು ಕೂದಲು ಸರಿಮಾಡಿಕೊಳ್ಳುತ್ತಾರೆ. ದಾಕ್ಷಾಯಣಮ್ಮ ತಿಕ್ಕಿದ ಹೊಳಪು ಇನ್ನೂ ಹೋಗಿಲ್ಲ.